ಬಾರದ ಆದೇಶ

ಪ್ರೀತಿಯ ಡ್ವೇನ್,

ಅಪ್ಪ ನಿನ್ನೆ ಆಸ್ಪತ್ರೆಯಲ್ಲಿ ತೀರಿಕೊಂಡರು. ನೀನು ಅವರನ್ನು ನೆರೆಯಲ್ಲಿ ಮುಳುಗಿದ್ದ ಮನೆಯ ಛಾವಣಿಯಿಂದ ದೋಣಿಗೆ ಇಳಿಸಿ ತಂದಿದ್ದರಿಂದ ನನಗೆ ಅವರ ಕೈ ಹಿಡಿದು ಕೂರುವುದಕ್ಕಾದರೂ ಸಿಕ್ಕಿತು.

"ನಿಮ್ಮ ರಿಸರ್ವ್ ದಳದ ಲಾರಿಗಳೆಲ್ಲ ಎಲ್ಲಿದ್ವು ಮಗಳೇ?" ಎಂದು ಕೊನೆಗೆ ಅಪ್ಪ ಕೇಳಿದರು. ಪಕ್ಕದ ಊರಿನಲ್ಲೇ ಸಾಲಾಗಿ ನಿಂತಿದ್ದವು. ನಾವಿಬ್ಬರೂ ವಾರಾಂತ್ಯದಲ್ಲಿ ಕವಾಯತು ಮಾಡುವವರೇ. ಆದರೆ ನಿಮ್ಮ ನ್ಯಾಷನಲ್ ಗಾರ್ಡ್ ದಳ ರಾಜ್ಯದ್ದು, ಅದನ್ನು ಅಯೋವಾದ ಗವರ್ನರೇ ಕರೆಯಬಹುದು. ನಮ್ಮ ರಿಸರ್ವ್ ಕೇಂದ್ರ ಸೇನೆಯದು, ನಮಗೆ ವಾಷಿಂಗ್ಟನ್ನಿನ ಆದೇಶ ಬೇಕು. ಅದು ಬರಲಿಲ್ಲ.

"ಯುದ್ಧಕ್ಕೆ ಅಂತ ಮರುಭೂಮಿಗೆ ಕಳಿಸಿದ್ರು, ನಮ್ಮ ಬೀದಿಗೆ ಕಳಿಸ್ಲಿಲ್ಲ ಅಪ್ಪಾ" ಎಂದೆ.

ಅಪ್ಪ ನನ್ನ ಕೈ ಒತ್ತಿ, "ಡ್ವೇನ್‌ನ ಭಾನುವಾರದ ಸಿಪಾಯಿ ಅಂತ ಆಡ್ಕೊಂಡೆ ಕಣೇ. ತಪ್ಪಾಯ್ತು ಅಂತ ದೋಣೀಲೇ ಹೇಳ್ಬೇಕು ಅನ್ಕೊಂಡೆ. ಚಳಿಗೆ ಹಲ್ಲು ಕಟಕಟ ಅಂತಿತ್ತು, ಮಾತೇ ಹೊರಡ್ಲಿಲ್ಲ" ಎಂದರು.

ನಮ್ಮೂರ ಸ್ಮಶಾನ ಇನ್ನೂ ನೀರಿನಲ್ಲಿದೆ. ಶನಿವಾರ ಗುಡ್ಡದ ಚರ್ಚಿನ ಹಿಂದೆ ಮಣ್ಣು ಮಾಡುತ್ತೇವೆ. ಕ್ಯಾಪ್ಟನ್ ಹತ್ತಿರ ಅರ್ಧ ದಿನ ರಜೆ ಕೇಳಿ ನೋಡು. ಕೆಸರು ಬಟ್ಟೆಯಲ್ಲೇ ಬಂದರೂ ಸರಿ. ಕೊಡದಿದ್ದರೆ ಜಗಳವಾಡಬೇಡ, ನಿನ್ನ ಪಾಲಿನ ಹಿಡಿ ಮಣ್ಣನ್ನು ನಾನೇ ಹಾಕುತ್ತೇನೆ. ನೀನು ಕಾಯುತ್ತಿರುವ ನದಿಯ ಒಡ್ಡಿನ ಹಿಂದೆಯೂ ಯಾರದೋ ಅಪ್ಪ ಇದ್ದಾರೆ.

ನಿನ್ನ ಅಕ್ಕ,
ಮಾರ್ಲಿಸ್