ಒಳಗಿನ ಕುರ್ಚಿ

‘ಪ್ರಿಯ ಗೆಳತಿ’ ಎಂದು ಬರೆಯಲು ಮನಸ್ಸು ಬರುತ್ತಿಲ್ಲ.

ನೀನು ತೀರಿಕೊಂಡು ತಿಂಗಳಾಯಿತು. ಇವತ್ತು ವಿಶ್ವವಿದ್ಯಾಲಯದಲ್ಲಿ ನಿನ್ನ ನೆನಪಿಗೆಂದು ವಿದ್ಯಾರ್ಥಿಗಳ ವಾದ್ಯವೃಂದ ನುಡಿಸಿತು. ಈಗಲೂ, ಆಗ ನಮ್ಮಿಬ್ಬರಿಗಿದ್ದಂತೆ, ಇಬ್ಬರು ಪಿಟೀಲಿನವರಿಗೆ ಸ್ವರಪುಸ್ತಕವಿಡಲು ಒಂದೇ ಸ್ಟ್ಯಾಂಡು. ಸಭಿಕರಿಂದ ದೂರದ, ಒಳಗಿನ ಕುರ್ಚಿಯವಳು ನುಡಿಸುವುದನ್ನು ನಿಲ್ಲಿಸಿ ಪುಟ ತಿರುವಬೇಕು. ಹೊರಗಿನವಳು ನುಡಿಸುತ್ತಲೇ ಇರಬಹುದು.

ವಿರಾಮದಲ್ಲಿ ಒಳಗಿನ ಹುಡುಗಿ ಪಕ್ಕದವಳ ಭುಜ ತಟ್ಟಿದಳು. “ಏಳೇ ಮಹಾರಾಣಿ, ಈಗ ನನ್ನ ಸರದಿ.”

“ಬಾರಮ್ಮ, ಸಿಂಹಾಸನ ನಿಂದೇ,” ಎಂದು ಅವಳು ಎದ್ದೇಬಿಟ್ಟಳು.

ಅಂದು ನೀನು ಹೊರಗಿನ ಕುರ್ಚಿಯಿಂದ ಏಳಲಿಲ್ಲ. ದೊಡ್ಡ ವೃಂದಕ್ಕೆ ಒಬ್ಬರನ್ನು ಆರಿಸಲು ಪರೀಕ್ಷಕರು ಬಂದ ದಿನ, ಅರ್ಧಕ್ಕೆ ಕುರ್ಚಿ ಬದಲಿಸೋಣವೆಂದು ಮಾತು ಕೊಟ್ಟವಳು ನೀನೇ. ನಾನು ಎದ್ದು ನಿಂತೆ. ನೀನು ಶ್ರುತಿ ಸರಿಮಾಡಿಕೊಳ್ಳುತ್ತಾ ಕೂತೇ ಇದ್ದೆ. ನಮ್ಮ ವೃಂದದ ಮೇಷ್ಟ್ರು ಏನೆಂದು ಕೇಳಿದರೆ, “ಅವಳಿಗೆ ಪುಟ ತಿರುವೋದೇ ಇಷ್ಟ ಸರ್,” ಎಂದೆ ನೀನು. ಎಲ್ಲರೂ ನಕ್ಕರು. ನಾನು ಮತ್ತೆ ಒಳಗೇ ಕೂತೆ. ಅವರು ಆರಿಸಿದ್ದು ನಿನ್ನನ್ನು. ಆಮೇಲೆ ವೇದಿಕೆಗಳಲ್ಲಿ ನ್ಯಾಯದ ಬಗ್ಗೆ ನೀನು ಮಾಡಿದ ಭಾಷಣಗಳನ್ನೆಲ್ಲ ಪತ್ರಿಕೆಯಲ್ಲಿ ಓದಿದ್ದೇನೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಇವತ್ತು ಕಾರ್ಯಕ್ರಮದ ಕೊನೆಗೆ ಅದೇ ಮೇಷ್ಟ್ರು ಕೋಲೂರಿಕೊಂಡು ಎದ್ದು, “ಒಂದು ಸ್ವರಾನೂ ಬಿಟ್ಟವಳಲ್ಲ ಆ ಹುಡುಗಿ,” ಎಂದರು. ಪಕ್ಕದಲ್ಲಿ ಪುಟ ತಿರುವುವವಳಿದ್ದರೆ ಯಾರು ಬಿಡುತ್ತಾರೆ ಹೇಳು?

ಹೊರಡುವಾಗ ಪಿಟೀಲಿನ ಆ ಹುಡುಗಿಯರಲ್ಲೊಬ್ಬಳು ಓಡಿಬಂದಳು. “ಆಂಟಿ, ನೀವೂ ಅವರ ಜೊತೆ ಓದಿದ್ರಂತೆ? ನೀವು ಏನು ನುಡಿಸ್ತಿದ್ರಿ?”

“ಪಿಟೀಲು,” ಎಂದೆ. “ಹೌದಾ! ಹೇಗೆ ನುಡಿಸ್ತಿದ್ರಿ?” ಎಂದಳು. ನಾನು ನುಡಿಸಿದ್ದನ್ನು ಹತ್ತಿರದಿಂದ ಕೇಳಿದ್ದವಳು ನೀನೊಬ್ಬಳೇ.