ದಾಸವಾಳಕ್ಕೆ ಸುರಿದ ನೀರು

ಅವ್ವಾ,

ಉಣಕಲ್ಲಿನ ಈ ಮನೆಯನ್ನು ನೋಡುವ ಮೊದಲೇ ನೀನು ಹೋದೆ. ಇದನ್ನು ನೀನು ಓದಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ನಮ್ಮದೇ ಬೋರ್‌ವೆಲ್ ಇದೆ, ನೀರಿಗೆ ಬರವಿಲ್ಲ. ಇವತ್ತು ಬೆಳಿಗ್ಗೆ ನಿನ್ನ ಅಳಿಯ ಪೈಪು ಹಿಡಿದು ಕಾರು ತೊಳೆಯುತ್ತಿದ್ದರು. ಹಿಂದಿನ ಓಣಿಯಿಂದ ಮನೆಗೆಲಸಕ್ಕೆ ಬರುವ ಶರಣವ್ವ ಕೊಡ ತಂದಿದ್ದಳು.

"ಅಕ್ಕಾರ, ವಾರದ ಮ್ಯಾಲಾತ್ರಿ, ನಳಾ ಬಂದಿಲ್ಲ. ಒಂದು ಕೊಡ ತುಂಬ್ಕೊಳ್ಳಲೇನ್ರಿ?"

ಹೂಂ ಅಂದೆ. ಅವಳು ತುಂಬಿಸಿ ಎತ್ತುವಾಗ ಇವರು ನನ್ನ ಕಡೆ ತಿರುಗಿದರು. "ಇವತ್ತು ಈಕಿ, ನಾಳೆ ಇಡೀ ಓಣಿ ಬರ್ತೈತಿ ನೋಡು."

"ಇವತ್ತೊಂದಿನ ಅಷ್ಟ, ಶರಣವ್ವಾ," ಎಂದೆ. ನನ್ನ ಬಾಯಿಂದಲೇ ಬಂತು ಆ ಮಾತು.

ಅವಳು ಕೊಡವನ್ನು ದಾಸವಾಳದ ಬುಡಕ್ಕೆ ಬಗ್ಗಿಸಿದಳು. "ಬ್ಯಾಡ್ರಿ ಅಕ್ಕಾರ. ನಿಮ್ಮ ಗಿಡಾನರ ಕುಡೀಲಿ." ಖಾಲಿ ಕೊಡವನ್ನು ಗೇಟಿನ ಹೊರಗಿಟ್ಟು ಬಂದು, ನಲ್ಲಿ ಬಿಟ್ಟುಕೊಂಡು ನಮ್ಮ ಪಾತ್ರೆ ತಿಕ್ಕಲು ಕೂತಳು. ಇವರು ಕಾರಿಗೆ ಮತ್ತೊಮ್ಮೆ ನೀರು ಹೊಡೆದರು.

ನೀನೂ ಹೀಗೇ ಮಂದಿಯ ಪಾತ್ರೆ ತಿಕ್ಕಿ ನನ್ನನ್ನು ಓದಿಸಿದವಳು. ಇವತ್ತು ನೀನೇ ಕೊಡ ಹಿಡಿದು ಬಂದಿದ್ದರೂ, ನಾನು ಮೊದಲು ಇವರ ಮುಖ ನೋಡುತ್ತಿದ್ದೆ.