ನೀನು ಹಾರಿದ ಹೊಲ

ಕುಂದಾಣ,
ವ್ಯಯ ಸಂವತ್ಸರ, ಪುಷ್ಯ ಮಾಸ

ತಮ್ಮ ರಾಮಾಂಜಿನಪ್ಪನಿಗೆ ಅಕ್ಕ ಗಂಗಲಕ್ಷ್ಮಮ್ಮ ಬರೆಯುವುದು.

ಎಲ್ಲರೂ ಕ್ಷೇಮ ಎಂದು ಮೊದಲು ಬರೆಯುವುದು ವಾಡಿಕೆ. ಇಲ್ಲಿ ಎಲ್ಲರೂ ಕ್ಷೇಮವಾಗಿಲ್ಲ, ಅದು ನಿನಗೇ ಗೊತ್ತು. ನನ್ನ ಬಲಗೈಯ ಕಟ್ಟು ಬಿಚ್ಚಿದ್ದು ಮೊನ್ನೆ. ಅಕ್ಷರ ಸೊಟ್ಟಗಿದ್ದರೆ ಹೇಗೋ ಓದಿಕೊ.

ಹಿಂದೂಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಅಡಗಿ ಕೂತು ನೀನು ಹೇಳಿಕಳಿಸಿದ ಮಾತು ನನಗೆ ಮುಟ್ಟಿತು. ನಿನ್ನ ಜೊತೆಯ ಡ್ರೈವರ್ ಮುನಿಶಾಮಪ್ಪ ಲಾರಿಯನ್ನು ಊರಾಚೆ ನಿಲ್ಲಿಸಿ ನಡೆದು ಬಂದ. ಹೊಸಿಲು ದಾಟದೆ, ನನ್ನ ಮುಖ ನೋಡದೆ ಹೇಳಿದ: "ಅಕ್ಕಾ, ಬ್ರೇಕ್ ಹಿಡೀಲಿಲ್ಲ ಅಂತ ಒಂದ್ ಮಾತು ಹೇಳ್ಬಿಟ್ರೆ ಸಾಕಂತೆ. ಮಿಲಿಟ್ರಿಯವ್ರು ಬಿಸಾಕಿದ್ ಲಡಾಸು ಗಾಡಿ, ಯಾರೂ ಅನುಮಾನ ಪಡಲ್ಲ ಅಂದ." ಅವನಿಗೆ ಒಂದು ಲೋಟ ನೀರನ್ನೂ ಕೊಡದೆ ಕಳಿಸಿದೆ. ಪಾಪ, ಅವನು ಏನು ಮಾಡಿದ್ದ? ಆ ಸಿಟ್ಟು ನಿನ್ನದು. ಈಗ ನಿನಗೇ ಕಳಿಸುತ್ತಿದ್ದೇನೆ.

ಆ ಲಾರಿ ಲಡಾಸಲ್ಲ. ಅದನ್ನು ನನಗೆ ಹೇಳಿಕೊಟ್ಟವನೇ ನೀನು.

ಬರ್ಮಾ ಗಡಿಯಿಂದ ನೀನು ತಿರುಗಿ ಬಂದಾಗ ನಿನ್ನನ್ನು ಮಾತಾಡಿಸುವುದೇ ಕಷ್ಟವಾಗಿತ್ತು. ಲಾರಿಯ ಸುದ್ದಿ ತೆಗೆದರೆ ಮಾತ್ರ ಬಾಯಿ ಬಿಡುತ್ತಿದ್ದೆ. ಯುದ್ಧ ಮುಗಿದ ಮೇಲೆ ದೊಡ್ಡಬಳ್ಳಾಪುರದ ಸಾಹುಕಾರರು ಹರಾಜಿನಲ್ಲಿ ಆ ಹತ್ತು ಚಕ್ರದ ಗಾಡಿ ಹಿಡಿದು ನಿನ್ನ ಕೈಗೆ ಕೊಟ್ಟರು. ಅವತ್ತು ನೀನು ಅದನ್ನು ತೂಬಗೆರೆಗೆ ತಂದು ನಮ್ಮಮ್ಮನ ಮನೆ ಮುಂದೆ ನಿಲ್ಲಿಸಿದೆ. ಊರಿನವರೆಲ್ಲ ಸುತ್ತ ಸೇರಿದರು. ಅಮೆರಿಕದ ಗಾಡಿ, ಸ್ಟೇರಿಂಗು ಎಡಗಡೆ ಇದೆ ಎಂದು ಜನ ನಕ್ಕರು. ನೀನು ನಗಲಿಲ್ಲ. ಬಗ್ಗಿ ಒಂದೊಂದು ಚಕ್ರದ ನಟ್ಟನ್ನೂ ಕೈಯಿಂದ ಮುಟ್ಟಿ ನೋಡುತ್ತ ಹೇಳಿದೆ, "ಇದು ಬೆಟ್ಟದ ಮೇಲೆ, ಕೆಸರಲ್ಲಿ, ಬಾಂಬು ಬೀಳೋ ಕಡೆ ಓಡಿರೋ ಜಾತಿ ಕಣಕ್ಕ. ನಾವು ಮೋಸ ಮಾಡ್ದಿದ್ರೆ ಅದು ಮೋಸ ಮಾಡಲ್ಲ." ಆಮೇಲೆ ನನ್ನನ್ನು ಹತ್ತಿಸಿಕೊಂಡು ತೋರಿಸಿದೆ: ಎಂಜಿನ್ ಓಡುತ್ತಿದ್ದರೆ ಬ್ರೇಕನ್ನು ಒಂದು ಕಾಲಲ್ಲಿ ಒತ್ತಬಹುದು, ಎಂಜಿನ್ ಆರಿಸಿದರೆ ಎರಡು ಕಾಲಿಟ್ಟು ನಿಂತರೂ ಅದು ಬಂಡೆಯ ಹಾಗೆ. ನನ್ನ ಕಾಲಿಂದಲೇ ಒತ್ತಿಸಿ ನೋಡಿಸಿದೆ. ನೆನಪಿದೆಯೇ? ನಾನು ಮರೆತಿಲ್ಲ.

ನಿನ್ನ ಕೈಯಲ್ಲಿ ಆ ನೇಮ ಎಷ್ಟು ದಿನ ಉಳಿಯಿತು? ದೇವನಹಳ್ಳಿಯ ಹೋಟ್ಲಿನ ಮುಂದೆ ಲಾರಿ ನಿಲ್ಲಿಸುವ ಡ್ರೈವರುಗಳು ನಿನ್ನನ್ನು "ಮಿಲಿಟ್ರಿ ಮೇಷ್ಟ್ರು" ಎಂದು ಆಡಿಕೊಂಡರು. ಇಳಿಜಾರು ಬಂದರೆ ಸಾಕು, ಎಂಜಿನ್ ಆರಿಸಿ ಗಾಡಿಯನ್ನು ತನ್ನಷ್ಟಕ್ಕೆ ಉರುಳಲು ಬಿಡುವುದು ಅವರ ಜಾಣತನ. ಪೆಟ್ರೋಲು ರೇಷನ್ನಿನಲ್ಲಿ ಸಿಗುವ ಕಾಲ. ಉಳಿದದ್ದು ಯಾರ ಡಬ್ಬಕ್ಕೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಯುದ್ಧದಲ್ಲಿ ಶತ್ರುವಿಗೆ ಹೆದರದ ನೀನು ಹೋಟ್ಲಿನ ಬೆಂಚಿನ ಮೇಲೆ ಕೂತ ನಾಲ್ಕು ಜನರ ನಗೆಗೆ ಹೆದರಿಬಿಟ್ಟೆ. ಚಕ್ರದ ನಟ್ಟು ಮುಟ್ಟುವುದನ್ನು ಬಿಟ್ಟೆ. ಆಮೇಲೆ ನೀನೂ ಅವರ ಹಾಗೇ ಆದೆ.

ಅವತ್ತು ನಾನು ತವರಿಂದ ಹೊರಟಿದ್ದೆ. ನೀನು ಚಪ್ಪಡಿ ಕಲ್ಲು ಹೇರಿಕೊಂಡು ದೇವನಹಳ್ಳಿಗೆ ಹೋಗುವವನು, "ಬಾರಕ್ಕ, ದಾರೀಲಿ ಇಳಿಸ್ತೀನಿ" ಎಂದೆ. ನಾನು ಬಲಗಡೆ ಕೂತೆ. ಮಡಿಲಲ್ಲಿ ಅಮ್ಮ ಕೊಟ್ಟ ಅವರೆಕಾಯಿಯ ಗಂಟು. ಕೆರೆ ಏರಿಯ ಕಡೆಗೆ ರಸ್ತೆ ಇಳಿಯುವ ಕಡೆ ಸದ್ದು ಇದ್ದಕ್ಕಿದ್ದಂತೆ ನಿಂತಿತು. ನೀನು ಸ್ವಿಚ್ಚು ಆರಿಸಿದ್ದೆ. "ಯಾಕೋ?" ಎಂದೆ. "ಸುಮ್ನಿರಕ್ಕ, ಹಿಂಗೇ ಹೋಗುತ್ತೆ, ಆರಾಮಾಗಿ" ಎಂದೆ. ಗಾಡಿಯ ವಿಷಯದಲ್ಲಿ ನಿನಗಿಂತ ನನಗೇನು ತಿಳಿದೀತು ಎಂದುಕೊಂಡೆ.

ಕೆಳಗಿಂದ ಚಿಕ್ಕಬೀರಪ್ಪನ ಎತ್ತಿನ ಗಾಡಿ ಏರು ಹತ್ತುತ್ತಿತ್ತು. ಅವನು ಎತ್ತುಗಳ ಮುಂದೆ ಹಗ್ಗ ಹಿಡಿದು ನಡೆಯುತ್ತಿದ್ದ. ಹೆಂಡತಿ ಅಕ್ಕಯಮ್ಮ ಗಾಡಿಯ ಹಿಂದೆ ರಾಗಿ ಹುಲ್ಲಿನ ಮೇಲೆ ಕೂತಿದ್ದಳು. ನೀನು ಬ್ರೇಕು ಒತ್ತಿದೆ. ಒತ್ತಿದೆ, ಎದ್ದು ನಿಂತು ಒತ್ತಿದೆ. ನಿನ್ನ ಮುಖದ ಬಣ್ಣ ಹೋದದ್ದನ್ನು ನಾನು ನೋಡಿದೆ. ಆಮೇಲೆ ನೀನು ಬಾಗಿಲು ತೆಗೆದು ಹಾರಿದೆ.

ಒಂದು ಮಾತು ಹೇಳಲಿಲ್ಲ ಕಣೋ. "ಅಕ್ಕಾ" ಎನ್ನಲೂ ಇಲ್ಲ.

ಆಮೇಲಿನದು ನಿನಗೆ ಗೊತ್ತಿಲ್ಲ, ಆದ್ದರಿಂದ ಬರೆಯುತ್ತೇನೆ. ನಾನು ನಿನ್ನ ಸೀಟಿನ ಕಡೆಗೆ ಬಿದ್ದು ಸ್ಟೇರಿಂಗನ್ನು ಎರಡೂ ಕೈಯಿಂದ ಎಡಕ್ಕೆ ಎಳೆದೆ. ಅದು ನನ್ನಂಥವಳ ಬಲಕ್ಕೆ ಬಗ್ಗುವುದೆ? ಗೇಣಿನಷ್ಟು ತಿರುಗಿತು. ಅಷ್ಟಕ್ಕೇ ಚಿಕ್ಕಬೀರಪ್ಪನೂ ಎತ್ತುಗಳೂ ಉಳಿದರು. ಎತ್ತಿನ ಗಾಡಿಯ ಹಿಂಭಾಗ ಉಳಿಯಲಿಲ್ಲ. ಲಾರಿ ಏರಿಯ ಕಲ್ಲಿಗೆ ಗುದ್ದಿ ನಿಂತಾಗ ರಾಗಿ ಹುಲ್ಲು ನನ್ನ ಮುಂದಿನ ಗಾಜಿನ ತುಂಬ ಇತ್ತು. ನನ್ನ ಬಲಗೈ ಮುರಿದಿತ್ತು. ಇಳಿದು ಹುಲ್ಲನ್ನು ಎಡಗೈಯಿಂದ ಸರಿಸಿ ಸರಿಸಿ ಅಕ್ಕಯಮ್ಮನನ್ನು ಹುಡುಕಿದೆ. ಸಿಕ್ಕಾಗ ಉಸಿರಿರಲಿಲ್ಲ.

ರಸ್ತೆಯ ಎಡಕ್ಕೆ ಏನಿತ್ತು? ಕೊಯ್ದು ಖಾಲಿಯಾದ ರಾಗಿ ಹೊಲ. ಬದುವಿಲ್ಲ, ಮರವಿಲ್ಲ. ನೀನು ಹಾರಿದ್ದು ಅಲ್ಲಿಗೇ. ಅದೇ ಹೊಲಕ್ಕೆ ಲಾರಿಯನ್ನೂ ತಿರುಗಿಸಬಹುದಾಗಿತ್ತು. ಬರ್ಮಾದ ಘಾಟಿನಲ್ಲಿ ಸ್ಟೇರಿಂಗು ಹಿಡಿದ ತೋಳು ನಿನ್ನದು. ಸ್ವಿಚ್ಚು ಆರಿಸಿದ್ದನ್ನಾದರೂ ಹುಡುಗಾಟ ಎಂದುಕೊಂಡೇನು. ಆ ಸೀಟು ಬಿಟ್ಟದ್ದನ್ನು ಏನೆಂದುಕೊಳ್ಳಲಿ? ದಿನವೂ ಒಲೆ ಮುಂದೆ ಕೂತಾಗ, ರಾತ್ರಿ ಮಲಗಿದಾಗ ಇದನ್ನೇ ಕೇಳಿಕೊಳ್ಳುತ್ತೇನೆ. ಕೇಳಿಕೊಂಡಷ್ಟೂ ಮೈ ಉರಿಯುತ್ತದೆ.

ಹೋದ ವಾರ ಬೆಂಗಳೂರಿಂದ ಮೋಟಾರು ಇನ್ಸ್‌ಪೆಕ್ಟರು ಬಂದಿದ್ದರು. ಲಾರಿಯ ಮುಂದಿನ ಕಬ್ಬಿಣ ನಗ್ಗಿತ್ತು, ಅಷ್ಟೆ. ಅದೇ ಚಪ್ಪಡಿಗಳನ್ನು ಮತ್ತೆ ಹೇರಿಸಿದರು. ಎಂಜಿನ್ ಓಡಿಸಿಕೊಂಡು ಅದೇ ಇಳಿಜಾರಿನಲ್ಲಿ ಬಂದು, ಎತ್ತಿನ ಗಾಡಿ ಮುರಿದ ಜಾಗಕ್ಕೆ ಎಷ್ಟೋ ಮುಂಚೆಯೇ ನಿಲ್ಲಿಸಿದರು. ಮತ್ತೆ ಮೇಲೆ ಹೋಗಿ ಮತ್ತೆ ನಿಲ್ಲಿಸಿದರು. ಲಡಾಸು, ಲಡಾಸು ಎನ್ನುತ್ತಿದ್ದವರೆಲ್ಲ ಏರಿಯ ಮೇಲೆ ಸಾಲಾಗಿ ನಿಂತು ನೋಡಿದರು. ಆಮೇಲೆ ಇನ್ಸ್‌ಪೆಕ್ಟರು, "ಒಳಗಡೆ ಜೊತೆಗೆ ಯಾರಿದ್ರು?" ಎಂದು ಕೇಳಿದರು.

ನಮ್ಮಮ್ಮ ತೂಬಗೆರೆಯಿಂದ ನಡೆದೇ ಬಂದಿದ್ದಳು. ಎಲ್ಲರೆದುರು ನನ್ನ ಸೆರಗು ಹಿಡಿದುಕೊಂಡಳು. "ಒಡಹುಟ್ಟಿದೋನು ಕಣೆ. ಜೈಲಿಗೆ ಹಾಕ್ತಾರೆ. ನಿಂಗೇನೂ ಕಾಣಿಸ್ಲಿಲ್ಲ ಅನ್ನು, ಅಷ್ಟೇ ಸಾಕು" ಎಂದಳು. ನಿನ್ನ ಭಾವ ತಲೆ ತಗ್ಗಿಸಿ ನಿಂತಿದ್ದರು. ನಾನು ಅಮ್ಮನ ಕೈಯಿಂದ ಸೆರಗು ಬಿಡಿಸಿಕೊಂಡು ಮುಂದೆ ಹೋದೆ. ಸ್ವಿಚ್ಚು ಆರಿಸಿದ್ದನ್ನೂ ಹೇಳಿದೆ, ಹಾರಿದ್ದನ್ನೂ ಹೇಳಿದೆ. ಬರೆದುಕೊಂಡು ಓದಿ ಹೇಳಿದರು, ಎಡಗೈಯಲ್ಲೇ ರುಜು ಮಾಡಿದೆ. ಅಮ್ಮ ಅವತ್ತಿಂದ ನನ್ನ ಜೊತೆ ಮಾತಾಡುತ್ತಿಲ್ಲ. ಹಾಗಾಗಿ ಇನ್ನು ಮುನಿಶಾಮಪ್ಪನನ್ನು ಕಳಿಸಬೇಡ. ಹೇಳುವುದೆಲ್ಲ ಹೇಳಿಯಾಗಿದೆ.

ಮಾರನೆಯ ದಿನ ಚಿಕ್ಕಬೀರಪ್ಪ ನಮ್ಮ ಮನೆಗೆ ಬಂದ. ಬೈಯಲು ಬಂದನೇನೋ ಎಂದುಕೊಂಡೆ. ಜಗಲಿಯ ತುದಿಯಲ್ಲಿ ಕೂತು, "ಕೈ ಹೆಂಗೈತವ್ವ?" ಎಂದ. ನನಗೆ ಅಳು ತಡೆಯಲಾಗಲಿಲ್ಲ. ಅವನು ಏಳುವಾಗ ಹೇಳಿದ: "ನಿನ್ ತಮ್ಮ ಬಂದ್ರೆ ಒಂದ್ಸಲ ನನ್ ಮುಂದೆ ನಿಲ್ಸವ್ವ. ಹೊಡಿಯಾಕಿಲ್ಲ, ಬೈಯಾಕಿಲ್ಲ. ಹಾರೋ ಮುಂಚೆ ಅವ್ಳು ಅಲ್ಲಿ ಕೂತಿರೋದು ಅವ್ನಿಗೆ ಕಾಣ್ತಿತ್ತಾ ಅಂತ ಕೇಳ್ಬೇಕು. ಅಷ್ಟೆ."

ನನಗೆ ಅಕ್ಕಯಮ್ಮ ಕಾಣುತ್ತಿದ್ದಳು. ನಿನಗೆ ಕಾಣುತ್ತಿದ್ದಳೇ ಇಲ್ಲವೇ ಎನ್ನುವುದು ನಿನಗೊಬ್ಬನಿಗೇ ಗೊತ್ತು. ಬಂದು ಅವನಿಗೆ ಹೇಳು. ದೇವನಹಳ್ಳಿಯ ಕೋರ್ಟಿಗೆ ಹೋಗುವ ದಿನ ನಾನೇ ರೊಟ್ಟಿ ಕಟ್ಟಿಕೊಂಡು ನಿನ್ನ ಜೊತೆ ಬರುತ್ತೇನೆ, ಹೊರಗೆ ಕಾಯುತ್ತೇನೆ. ಜೈಲಾದರೆ ಅಲ್ಲಿಗೂ ಬರುತ್ತೇನೆ. ಆದರೆ ಹೇಳಿದ ಮಾತಿನಲ್ಲಿ ಒಂದು ಅಕ್ಷರವನ್ನೂ ಬದಲಾಯಿಸುವುದಿಲ್ಲ.

ನೂರು ವರ್ಷ ಬಾಳು ಎಂದು ಹರಸಲು ಇವತ್ತು ಕೈ ಏಳುತ್ತಿಲ್ಲ. ಚಿಕ್ಕಬೀರಪ್ಪನ ಎದುರು ಓಡದೆ ನಿಲ್ಲುವಷ್ಟು ಧೈರ್ಯವನ್ನು ದೇವರು ನಿನಗೆ ಕೊಡಲಿ.

ಇನ್ನೂ ನಿನ್ನ ಅಕ್ಕನೇ ಆದ,
ಗಂಗಲಕ್ಷ್ಮಮ್ಮ